ಎರವಲೋ ಕಡವೋ? ‘ಓನರ್‌ಶಿಪ್’ಗೆ ಒಡೆತನ ಸಾಕೇ?

ಎಲ್ಲರಿಗೂ ನಮಸ್ಕಾರ. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳಿಗೆ ಪೈಥಾನ್ ಹೇಳಿಕೊಡುತ್ತಿದ್ದೇನೆ. ಪೈಥಾನನ್ನು ಸಿ ಭಾಷೆಗೆ ಜೋಡಿಸುವ ಪಾಠಕ್ಕೆ ಟಿಪ್ಪಣಿ ಬರೆಯುವಾಗ ಪದಗಳಲ್ಲಿ ಸಿಕ್ಕಿಕೊಂಡಿದ್ದೇನೆ.

ಪೈಥಾನಿನಲ್ಲಿ ಒಂದು ವಸ್ತುವನ್ನು (ಸಂಖ್ಯೆ, ಪಟ್ಟಿ ಇತ್ಯಾದಿ) ಹಿಡಿದ ಕೊಂಡಿಯೇ ‘ರೆಫರೆನ್ಸ್’, ಅಂದರೆ ಉಲ್ಲೇಖ; ಅಂಥ ಉಲ್ಲೇಖಗಳ ಎಣಿಕೆ ಸೊನ್ನೆಗಿಳಿದರೆ ವಸ್ತು ಅಳಿಯುತ್ತದೆ. ತನ್ನದಲ್ಲದ, ಬಳಸಲಷ್ಟೇ ಸಿಕ್ಕ ಉಲ್ಲೇಖ ‘ಬಾರೋಡ್ ರೆಫರೆನ್ಸ್’. ಅದಕ್ಕೆ ಮೊದಲು ‘ಕಡದ ಉಲ್ಲೇಖ’ ಎಂದು ಬರೆದಿದ್ದೆ. ಒಬ್ಬಳು ಕೇಳಿದಳು: “ಕಡ ತಂದ್ರೆ ಅದನ್ನೇ ವಾಪಸ್ ಕೊಡ್ಬೇಕಾ ಸರ್, ಬೇರೆ ಕೊಟ್ರೂ ಆಗ್ತದಾ?” ಅವಳು ಹಿಡಿದದ್ದು ಸರಿ. ನೆರೆಮನೆಯಿಂದ ಒಂದು ಕಿಲೋ ಮೈಲುತುತ್ತು ಕಡ ತಂದರೆ ಪೇಟೆಯಿಂದ ಬೇರೆ ತಂದು ತೀರಿಸುತ್ತೇವೆ. ಅಡಕೆಗೆ ಮದ್ದು ಬಿಡುವ ಪಂಪು ತಂದರೆ ಅದೇ ಪಂಪು ಹಿಂದಕ್ಕೆ ಹೋಗಬೇಕು, ನಡುವೆ ಗುಜರಿಗೆ ಹಾಕುವ ಹಕ್ಕು ನಮಗಿಲ್ಲ. ಅದು ಎರವಲು. ಪಟ್ಟಿಯ ಒಂದು ಅಂಶವನ್ನು ತೆಗೆದುಕೊಡುವ ಸಿ ಫಂಕ್ಷನ್ ಪೈಲಿಸ್ಟ್_ಗೆಟ್‌ಐಟಂ ಕೊಡುವುದೂ ಹಾಗೆಯೇ: ಸಿ ಕೋಡು ಬಳಸಬಹುದು, ಅದರ ಎಣಿಕೆ ಇಳಿಸುವಂತಿಲ್ಲ. ಧಣಿಯೇ ಪಂಪನ್ನು ಮಾರಿಬಿಟ್ಟರೆ ತಂದವನ ಕೈ ಖಾಲಿ. ಹಾಗಾಗಿ ಇಟ್ಟುಕೊಳ್ಳಬೇಕಿದ್ದರೆ ಪೈ_ಇನ್‌ಕ್ರೆಫ್ ಕರೆದು ನಮ್ಮದೊಂದು ಎಣಿಕೆ ಸೇರಿಸಿಕೊಳ್ಳಬೇಕು. ಹೊರಗೆ ಮಲಯಾಳ ಆಡುವ ನಮ್ಮ ಮಕ್ಕಳಿಗೆ ‘ಕಡಂ’ ಎಂದರೆ ಸಾಲ. ಆದ್ದರಿಂದ ‘ಎರವಲು ಉಲ್ಲೇಖ’ ಎಂದು ತಿದ್ದಿದ್ದೇನೆ.

ನಿಜವಾದ ತೊಡಕು ‘ಓನರ್‌ಶಿಪ್’ನದ್ದು. ಒಡೆತನ ಎಂದೊಡನೆ ಹಕ್ಕು ನೆನಪಾಗುತ್ತದೆ. ಇಲ್ಲಿ ಮುಖ್ಯವಾದದ್ದು ಹೊಣೆ: ಉಲ್ಲೇಖವನ್ನು ಹಿಡಿದಿಡುವುದೂ ಬೇಡವಾದಾಗ ಬಿಡುವುದೂ ಯಾರ ಕೆಲಸ ಎಂಬುದು. ಟ್ಯಾಂಕಿ ತುಂಬಿದಾಗ ಮೋಟಾರು ನಿಲ್ಲಿಸಲು ನಾನೇ ಒಂದು ಪ್ರೋಗ್ರಾಂ ಬರೆದಿದ್ದೆ. ನೀರಿನ ಮಟ್ಟ ಅಳೆಯುವ ಸಿ ಲೈಬ್ರರಿಗೆ ಸಿಟೈಪ್ಸ್ (ಪೈಥಾನಿನಿಂದ ಸಿ ಕೋಡನ್ನು ಕರೆಯುವ ಮಾಡ್ಯೂಲ್) ಮೂಲಕ ಪೈಥಾನಿನ ಕಾಲ್‌ಬ್ಯಾಕ್ (ಲೈಬ್ರರಿ ತನಗೆ ಬೇಕಾದಾಗ ತಿರುಗಿ ಕರೆಯುವ ಫಂಕ್ಷನ್) ಕೊಟ್ಟೆ, ಆದರೆ ಆ ವಸ್ತುವನ್ನು ಯಾವ ಹೆಸರಿಗೂ ಕಟ್ಟಿಡಲಿಲ್ಲ. ಹಿಡಿದುಕೊಂಡವರು ಯಾರೂ ಇಲ್ಲವೆಂದು ಪೈಥಾನ್ ಅದನ್ನು ಗುಡಿಸಿಹಾಕಿತ್ತು. ಲೈಬ್ರರಿ ಹಳೆಯ ವಿಳಾಸಕ್ಕೇ ಕರೆಯಿತು, ಪ್ರೋಗ್ರಾಂ ಕುಸಿಯಿತು, ಅಂಗಳವಿಡೀ ನೀರು. ಸಿ ಭಾಷೆಯ ವಿಂಗಡಿಸುವ ಫಂಕ್ಷನ್ ಕ್ಯೂಸಾರ್ಟ್‌ನಲ್ಲಾದರೆ ಹೀಗಾಗುವುದಿಲ್ಲ, ತಾನು ಮುಗಿಯುವುದರೊಳಗೇ ಅದು ಕರೆದು ಮುಗಿಸುತ್ತದೆ. ಕರೆಯನ್ನು ಮುಂದಕ್ಕೆ ಇಟ್ಟುಕೊಳ್ಳುವಲ್ಲಿ ಆ ವಸ್ತುವನ್ನು ಬದುಕಿಸಿಡುವ ಹೊಣೆ ನಮ್ಮದು. ನನ್ನ ಟಿಪ್ಪಣಿಯಲ್ಲಿ ‘ಇದರ ಒಡೆತನ ಪೈಥಾನಿನದ್ದು’ ಎಂದಷ್ಟೇ ಓದಿದವನಿಗೆ ಈ ಹೊಣೆ ಕಾಣುವುದಿಲ್ಲ.

ಪೈಥಾನಿನ ಕೈಪಿಡಿಯ ಪ್ರಕಾರ ವಸ್ತುವಿಗೆ ಒಡೆಯರೇ ಇಲ್ಲ, ಅದು ಯಾವಾಗಲೂ ಹಂಚಿಕೆಯದ್ದು, ಒಡೆತನವೇನಿದ್ದರೂ ಉಲ್ಲೇಖಕ್ಕೆ. ಇದನ್ನು ಓದಿದಾಗ ನಮ್ಮ ಕಡೆಯ ಕೂಡುಕುಟುಂಬದ ‘ಯಜಮಾನಿಕೆ’ ನೆನಪಾಯಿತು: ಆಸ್ತಿ ಎಲ್ಲರದ್ದು, ನೋಡಿಕೊಳ್ಳುವ ಹೊಣೆ ಯಜಮಾನನದ್ದು. ಆದರೆ ಅಲ್ಲಿ ಯಜಮಾನ ಒಬ್ಬನೇ, ಇಲ್ಲಿ ಒಂದೇ ವಸ್ತುವಿಗೆ ಹತ್ತು ಉಲ್ಲೇಖಗಳಿರಬಹುದು.

‘ಯಜಮಾನಿಕೆ’ ಎಂದು ಬರೆದರೆ ಘಟ್ಟದ ಮೇಲಿನವರಿಗೂ ಹೊಣೆಯ ಅರ್ಥ ಹೊಳೆಯುತ್ತದೆಯೇ, ಅಥವಾ ಬರೀ ದರ್ಪ ಕೇಳಿಸುತ್ತದೆಯೇ?