ಪದಚರ್ಚೆ: ‘ಸೆಕೆಂಡರಿ ಮಿನರಲ್’ಗೆ ಕನ್ನಡದಲ್ಲಿ ಏನನ್ನೋಣ?

ಶಿರಸಿಯಿಂದ:
ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಖನಿಜಗಳ ಫಲಕ ಬರೆಯುತ್ತಿದ್ದೇನೆ. ನಾಳೆ ಸಂಜೆಯೊಳಗೆ ಬ್ಯಾನರ್ ಅಂಗಡಿಗೆ ಕೊಡಬೇಕು. ಚಾಲ್ಕೊಮೆನೈಟ್ ಹತ್ತಿರ ಸಿಕ್ಕಿಬಿದ್ದಿದ್ದೇನೆ. ತಾಮ್ರ, ಸೆಲೆನಿಯಂ ಎರಡೂ ಇರುವ ನೀಲಿ ಹರಳು, ಬಲು ಮೆದು. ಅರ್ಜೆಂಟೀನಾದ ಮೆಂಡೋಸಾ ಕಡೆ ಸಿಕ್ಕಿತು, 1881ರಲ್ಲಿ ಹೆಸರು ಬಂತು. ಅದಿರಿನಲ್ಲಿರುವ ತಾಮ್ರದ ಸೆಲೆನೈಡಿಗೆ (ತಾಮ್ರ, ಸೆಲೆನಿಯಂ ಕೂಡಿದ ಖನಿಜಕ್ಕೆ) ಮೇಲಿಂದ ನೀರು, ಗಾಳಿ ತಾಗಿ ಇದಾಗುತ್ತದೆ. ಹೀಗೆ ಮೊದಲಿದ್ದ ಖನಿಜ ಬದಲಾಗಿ ಆದದ್ದೇ ‘ಸೆಕೆಂಡರಿ ಮಿನರಲ್’. ‘ದ್ವಿತೀಯಕ ಖನಿಜ’ ಅಂತ ಬರೆದರೆ ಮಕ್ಕಳು ‘ಸೆಕೆಂಡ್ ಕ್ವಾಲಿಟಿನಾ ಸರ್?’ ಅಂತಾರೆ.

ಕುಮಟಾದಿಂದ:
ದ್ವಿತೀಯಕ ಬೇಡವೇ ಬೇಡ. ‘ಮಾರ್ಪಟ್ಟ ಕಲ್ಲು’ ಅನ್ನಿ. ಹೆಸರನ್ನೂ ಬದಲಿಸಿ. ಗ್ರೀಕಿನ ‘ಚಾಲ್ಕೊ’ ತಾಮ್ರ, ‘ಮೆನೆ’ ಚಂದ್ರ. ಸ್ವೀಡನ್ನಿನ ರಸಾಯನಶಾಸ್ತ್ರಜ್ಞ ಬರ್ಜೀಲಿಯಸ್ 1817ರಲ್ಲಿ ಸೆಲೆನಿಯಂಗೆ ಇಟ್ಟಿದ್ದೂ ಚಂದ್ರನ ಹೆಸರೇ. ನಮ್ಮಲ್ಲಿ ಚೆಂಬು, ತಿಂಗಳು ಇಲ್ವಾ? ‘ಚೆಂಬುದಿಂಗಳ್ಗಲ್ಲು’. ಆದೇಶಸಂಧಿ, ಸರಿಯಾಗಿದೆ.

ಕಾರವಾರದಿಂದ:
ಮಾರಾಯ್ರೇ, ಈಗ ಚೆಂಬು ಅಂದ್ರೆ ನೀರು ಕುಡಿಯೋದು, ತಿಂಗಳು ಅಂದ್ರೆ ಸಂಬಳ. ‘ಮಾರ್ಪಟ್ಟ’ವೂ ಆಗದು. ಕಾವು, ಒತ್ತಡಕ್ಕೆ ಸಿಕ್ಕಿ ಬದಲಾದದ್ದಕ್ಕೆ ಆಗಲೇ ರೂಪಾಂತರ ಶಿಲೆ ಅಂತಿದೆ. ಇದು ನೆಲದ ಮೇಲ್ಪದರದ ಕೆಲಸ. ತಾಮ್ರದ ಹಂಡೆಯ ಅಂಚು ಹಸಿರಾದರೆ ಏನಂತೀರಿ? ಕಿಲುಬು. ‘ಕಿಲುಬು ಖನಿಜ’ ಅನ್ನಿ. ಮತ್ತೆ ಮಾಸ್ತರ್ರೇ, ಸುಮ್ನೆ ‘ಸೆಲೆನೈಟ್’ ಅಂತ ಬರೆದುಬಿಡಬೇಡಿ. ರಸಾಯನಶಾಸ್ತ್ರದವರಿಗೆ ಅದು ಸೆಲೆನಿಯಂ ಲವಣ. ಖನಿಜದವರಿಗೆ ತಿಳಿಯಾದ ಜಿಪ್ಸಂ ಹರಳು. ಅದರಲ್ಲಿ ಸೆಲೆನಿಯಮ್ಮೇ ಇಲ್ಲ.

ಕುಮಟಾದಿಂದ:
ಕಿಲುಬು ಕನ್ನಡ, ಖನಿಜ ಸಂಸ್ಕೃತ. ಅರಿಸಮಾಸ. ‘ಅದಿರು’ ಅನ್ನೋಕೆ ಏನು ಕಷ್ಟ?

ಕಾರವಾರದಿಂದ:
ಲಾಭಕ್ಕೆ ಅಗೆದು ಲೋಹ ತೆಗೆಯೋದು ಅದಿರು. ಈ ಹರಳು ಅಷ್ಟು ಸಿಗೋದೇ ಇಲ್ಲ. ಸೆಲೆನಿಯಂ ಜಾಸ್ತಿ ಬರೋದು ತಾಮ್ರ ಶುದ್ಧಮಾಡುವಾಗ ತಳದಲ್ಲಿ ಕೂರುವ ಕೆಸರಿನಿಂದ. ಅರಿಸಮಾಸ ಅಷ್ಟು ಚುಚ್ಚಿದ್ರೆ ಬಸ್ ನಿಲ್ದಾಣಕ್ಕೂ ಹೋಗಬೇಡಿ.

ಕುಮಟಾದಿಂದ:
ಕೊಂಕಣಿ, ಮರಾಠಿ ಬೆರೆಸಿ ಮಾತಾಡೋ ಊರಿನವರಿಗೆ ಇದು ಹೇಗೆ ಚುಚ್ಚೀತು?

ಹೊನ್ನಾವರದಿಂದ:
ಊರಿನ ಮಾತು ಬಿಡಿ. ಇದೇ ಬಗೆಯಲ್ಲಿ ಸೀಸದಿಂದ ಆಗುವ ಮಾಲಿಬ್ಡೊಮೆನೈಟ್ ಬೆಳ್ಳಗಿರುತ್ತದೆ. ಅದಕ್ಕೂ ಕಿಲುಬು ಅಂತೀರಾ? ಯಾವ ಪದ ಯಾವ ಭಾಷೆಯಿಂದ ಸಾಲ ತಂದದ್ದು ಅಂತ ಜಗಳ ಮಾಡೋ ಮೊದಲು ಎಲ್ಲಕ್ಕೂ ಹೊಂದುವ ಪದ ಹುಡುಕಿ.

ಶಿರಸಿಯಿಂದ:
‘ಆಮೇಲೆ ಹುಟ್ಟಿದ ಖನಿಜ’ ಅಂತ ಬರೆದು ಕಳಿಸಿದೆ. ಕಿಲುಬನ್ನು ಕೆಳಗಿನ ವಿವರಣೆಯಲ್ಲಿ ಹಾಕಿದ್ದೇನೆ. ಚೆಂಬುದಿಂಗಳ್ಗಲ್ಲು ಬ್ಯಾನರಿನಲ್ಲಿ ಒಂದೇ ಸಾಲಿಗೆ ಹಿಡಿಯಲಿಲ್ಲ.