ಮಗಳು ಈ ಜೂನಿಗೆ ಎರಡನೇ ಕ್ಲಾಸು, ವರ್ಷ ಹೇಗಿರ್ತದೆ ಅಂತ ಗೊತ್ತಿದ್ದವರು ಹೇಳಿ

ಬದಿಯಡ್ಕದ ಅಮ್ಮ:

ಎಲ್ಲರಿಗೂ ನಮಸ್ಕಾರ. ನಮ್ಮದು ಕೇರಳದ ಕಾಸರಗೋಡಿನ ಬದಿಯಡ್ಕದ ಹತ್ರ. ಮಗಳು ಕನ್ನಡ ಮೀಡಿಯಂ ಶಾಲೆಯಲ್ಲಿ ಒಂದನೇ ಕ್ಲಾಸು ಮುಗಿಸಿದ್ಲು. ಮನೆಯಲ್ಲಿ ನಾವು ಮಾತಾಡುದು ತುಳು, ಆಚೆ ಮನೆಯ ಮಕ್ಕಳೊಟ್ಟಿಗೆ ಆಡುವಾಗ ಅವಳಿಗೆ ಮಲಯಾಳ ಬರ್ತದೆ, ಕನ್ನಡ ಅಂದ್ರೆ ಶಾಲೆಯಲ್ಲಿ ಮತ್ತೆ ಟಿವಿಯಲ್ಲಿ ಕೇಳಿದಷ್ಟೆ. ಅಕ್ಷರ ಎಲ್ಲ ಗೊತ್ತುಂಟು, ಕಾಗುಣಿತವೂ ಸುಮಾರಾಗಿ ಓದ್ತಾಳೆ, ಆದ್ರೆ ಒತ್ತಕ್ಷರ ಬಂದ ಕೂಡ್ಲೆ ನಿಂತು ನನ್ನ ಮುಖ ನೋಡ್ತಾಳೆ. ಲೆಕ್ಕದಲ್ಲಿ ಒಂದಂಕಿ ಕೂಡಿಸುದು ಬೆರಳಲ್ಲಿ ಮಾಡ್ತಾಳೆ.

ನನ್ನ ತಲೆಬಿಸಿ ಎಂತ ಅಂದ್ರೆ ಪಕ್ಕದ ಮನೆಯ ಹುಡುಗ ಇವಳದ್ದೇ ಪ್ರಾಯ, ಇಂಗ್ಲಿಷ್ ಮೀಡಿಯಂ, ಅವ ಐದರ ಮಗ್ಗಿ ವರೆಗೆ ಬಾಯಿಪಾಠ ಹೇಳ್ತಾನೆ, ಅದನ್ನು ಕೇಳಿ ನಮ್ಮ ಮಾವ ಶಾಲೆ ಬದಲಿಸುದಾದ್ರೆ ಈಗಲೇ ಬದಲಿಸಿ, ಮತ್ತೆ ಕಷ್ಟ ಅಂತ ಹೇಳ್ಲಿಕ್ಕೆ ಶುರು ಮಾಡಿದ್ದಾರೆ. ನನಗೆ ಕನ್ನಡದಲ್ಲೇ ಓದ್ಲಿ ಅಂತ ಆಸೆ, ನಾನೂ ಇಲ್ಲೇ ಕನ್ನಡದಲ್ಲೇ ಓದಿದವಳು. ಎರಡನೇ ಕ್ಲಾಸಲ್ಲಿ ನಿಜವಾಗಿ ಎಂತೆಲ್ಲ ಬರ್ತದೆ, ವರ್ಷದ ಕೊನೆಗೆ ಎಷ್ಟು ಬಂದ್ರೆ ಸಾಕು, ಟ್ಯೂಷನಿಗೆ ಹಾಕ್ಬೇಕಾ, ಮೂರು ಭಾಷೆ ಸೇರಿ ಗೊಂದಲ ಆಗ್ತದಾ? ದಯವಿಟ್ಟು ಅನುಭವ ಇದ್ದವರು ಹೇಳಿ.

ಎಲ್.ಪಿ. ಟೀಚರ್, ಕುಂಬಳೆ ಕಡೆ:

ತಂಗಿ, ನಾನು ಎಲ್.ಪಿ. ಅಂದ್ರೆ ಕಿರಿಯ ಪ್ರಾಥಮಿಕ ಶಾಲೆಯ ಟೀಚರ್. ಮೊದಲು ಒಂದು ಮಾತು. ಜೂನಿನಲ್ಲಿ ಎರಡನೇ ಕ್ಲಾಸಿಗೆ ಬಂದು ಕೂತ ಮಕ್ಕಳಲ್ಲಿ ಹೆಚ್ಚಿನವರು ನಿಮ್ಮ ಮಗಳ ಹಾಗೆಯೇ ಇರ್ತಾರೆ. ಒತ್ತಕ್ಷರದ ಹತ್ರ ನಿಲ್ಲುದು ತೊಂದರೆ ಅಲ್ಲ, ಅಲ್ಲಿಂದಲೇ ಈ ವರ್ಷದ ಕೆಲಸ ಶುರು ಆಗುದು.

ಒಂದನೇ ಕ್ಲಾಸಲ್ಲಿ ಸಂಯುಕ್ತ ಡೈರಿ ಬರೆದದ್ದು ನೆನಪುಂಟಲ್ಲ, ಮಗು ಗೊತ್ತಿದ್ದದ್ದನ್ನು ಪೆನ್ಸಿಲಲ್ಲಿ ಬರೀಬೇಕು, ಗೊತ್ತಿಲ್ಲದ ಅಕ್ಷರ ಅಮ್ಮ ಅಥವಾ ಅಪ್ಪ ಪೆನ್ನಲ್ಲಿ ತುಂಬಿಸಿ ಕೊಡುದು. ಆ ಪುಸ್ತಕ ಬಿಸಾಡಿರದಿದ್ರೆ ತೆಗೆದು ನೋಡಿ, ಮೊದಲಿನ ಪುಟಗಳಲ್ಲಿ ಪೆನ್ನಿನ ಅಕ್ಷರವೇ ಜಾಸ್ತಿ ಇರ್ತದೆ, ಬರ್ತಾ ಬರ್ತಾ ಪೆನ್ಸಿಲ್ ಜಾಸ್ತಿ ಆಗಿರ್ತದೆ. ಮಗು ಎಷ್ಟು ಮುಂದೆ ಬಂದಿದೆ ಅಂತ ಪಕ್ಕದ ಮನೆಯ ಹುಡುಗನನ್ನು ನೋಡಿ ಗೊತ್ತಾಗುದಿಲ್ಲ, ಅದರಲ್ಲಿ ಗೊತ್ತಾಗ್ತದೆ.

ಈಗ ಒತ್ತಕ್ಷರದ ವಿಷಯ. ಎಲ್ಲ ಒತ್ತೂ ಒಂದೇ ತರ ಕಷ್ಟ ಅಲ್ಲ. ಅಕ್ಕ, ಹಗ್ಗ, ಅಜ್ಜಿ, ಹಿಟ್ಟು ಇದೆಲ್ಲ ಬೇಗ ಬರ್ತದೆ ಯಾಕಂದ್ರೆ ಒತ್ತು ನೋಡ್ಲಿಕ್ಕೆ ಅಕ್ಷರದ ಹಾಗೆಯೇ ಉಂಟು, ತಲೆಕಟ್ಟು ಇಲ್ಲ ಅಷ್ಟೆ. ತ, ನ, ಮ, ಯ, ರ, ಲ ಈ ಆರರ ಒತ್ತು ಮಾತ್ರ ರೂಪವೇ ಬೇರೆ, ಹಾಗಾಗಿ ಅಮ್ಮ, ಅನ್ನ, ಹುಲ್ಲು, ತುತ್ತು, ಚಕ್ರ ಇದನ್ನು ಬೇರೆಯೇ ಕೂರಿಸಿ ಹೇಳಿ ಕೊಡ್ಬೇಕು. ಅದಾದ ಮೇಲೆ ಪುಸ್ತಕ, ಶಬ್ದ, ಅಕ್ಷರ ಅಂತ ಬೇರೆ ಬೇರೆ ಅಕ್ಷರ ಸೇರುವಂಥದ್ದು. ಕೊನೆಗೆ ಅರ್ಕಾವತ್ತು. ಸೂರ್ಯ ಅಂತ ಹೇಳುವಾಗ ರಕಾರ ಮೊದಲು ಕೇಳ್ತದೆ, ಬರೆಯುವಾಗ ಯ ಬರೆದು ಆಮೇಲೆ ಅರ್ಕಾವತ್ತು ಹಾಕ್ಬೇಕು, ಏಳು ವರ್ಷದ ಮಗುವಿಗೆ ಇದು ದೊಡ್ಡ ವಿಷಯ, ಮೂರನೇ ಕ್ಲಾಸಿಗೆ ಹೋದ ಮೇಲೂ ಕೆಲವರು ತಪ್ಪಿಸ್ತಾರೆ. ಮನೆಯಲ್ಲಿ ತುಳು ಇರುವ ಮಕ್ಕಳು ಭಾರತವನ್ನು ಬಾರತ ಅಂತ, ಫಲವನ್ನು ಪಲ ಅಂತ ಬರೀತಾರೆ, ಮಾತಲ್ಲಿ ಮಹಾಪ್ರಾಣ ಕೇಳಿಯೇ ಗೊತ್ತಿಲ್ಲದ ಮಗು ಬೇರೆ ಹೇಗೆ ಬರೀಬೇಕು ಹೇಳಿ. ಕೆಂಪು ಪೆನ್ನಲ್ಲಿ ಎಲ್ಲ ತಿದ್ದಿ ಪುಟ ತುಂಬಿಸ್ಬೇಡಿ. ಒಂದು ಸಲಕ್ಕೆ ಒಂದೇ ತರದ ತಪ್ಪು ಹಿಡ್ಕೊಳ್ಳಿ.

ಕೇಂದ್ರದ ನಿಪುಣ್ ಭಾರತ್ ಅಂತ ಒಂದು ಯೋಜನೆ 2021ರಲ್ಲಿ ಬಂತು, ಮೂರನೇ ಕ್ಲಾಸಿನ ಒಳಗೆ ಎಲ್ಲ ಮಕ್ಕಳಿಗೂ ಓದು ಬರಹ ಲೆಕ್ಕ ಗಟ್ಟಿ ಆಗ್ಬೇಕು ಅಂತ. ಅದರಲ್ಲಿ ಎರಡನೇ ಕ್ಲಾಸಿನ ಕೊನೆಗೆ ಗುರಿ ಹೇಳಿದ್ದು ನಿಮಿಷಕ್ಕೆ 45ರಿಂದ 60 ಶಬ್ದ ಅರ್ಥ ಆಗುವ ಹಾಗೆ ಓದುದು, 999ರ ವರೆಗೆ ಸಂಖ್ಯೆ ಓದಿ ಬರೆಯುದು, 99ರ ವರೆಗೆ ಕಳೆಯುದು. ಇದನ್ನು ಓದಿ ಕೆಲವು ಅಪ್ಪ ಅಮ್ಮ ಮೊಬೈಲಲ್ಲಿ ಟೈಮ್ ಇಟ್ಟು ಓದಿಸ್ತಾರೆ, ನನಗೆ ಅದು ಇಷ್ಟ ಇಲ್ಲ. ನಮ್ಮ ಕನ್ನಡದ ಒಂದು ಶಬ್ದದೊಳಗೆ ವಿಭಕ್ತಿ, ಕ್ರಿಯಾಪದದ ಬಾಲ ಎಲ್ಲ ಅಂಟಿಕೊಂಡಿರ್ತದೆ, "ಮನೆಯೊಳಗಿನಿಂದ" ಅಂತ ಒಂದೇ ಶಬ್ದ ಓದುವಷ್ಟರಲ್ಲಿ ಬೇರೆ ಭಾಷೆಯಲ್ಲಿ ಮೂರು ಶಬ್ದ ಆಗಿರ್ತದೆ. ಗುರಿ ಒಂದು ದಿಕ್ಕು ತೋರಿಸ್ಲಿಕ್ಕೆ ಸಾಕು. ನೀವು ನೋಡ್ಬೇಕಾದ್ದು ಓದಿ ಆದ ಮೇಲೆ ಕಥೆಯಲ್ಲಿ ಎಂತಾಯ್ತು ಅಂತ ಅವಳಿಗೆ ಹೇಳ್ಲಿಕ್ಕೆ ಬರ್ತದಾ ಅಂತ. ತುಳುವಿನಲ್ಲಿ ಹೇಳಿದ್ರೂ ಆಯ್ತು, ಅರ್ಥ ಆಗಿದೆ ಅಂತಲೇ ಲೆಕ್ಕ.

ಮೂರು ಭಾಷೆಯಿಂದ ಗೊಂದಲ ಆಗುದಿಲ್ಲ. ಕಾಸರಗೋಡಿನ ಮಕ್ಕಳು ಮೊದಲಿಂದಲೂ ಹೀಗೆಯೇ ಬೆಳೆದದ್ದು, ಊರು ಕೇರಳಕ್ಕೆ ಸೇರಿದ 1956ಕ್ಕೆ ಮುಂಚೆಯೂ ಆಮೇಲೂ. ಒಂದು ಲಿಪಿ ಗಟ್ಟಿ ಆದ್ರೆ ಮುಂದಿನದ್ದು ಸುಲಭ, ಕ ಖ ಗ ಘ ಅನ್ನುವ ಕ್ರಮ ಮಲಯಾಳದಲ್ಲೂ ಅದೇ, ಕಾಗುಣಿತದ ಉಪಾಯವೂ ಅದೇ. ಅದಕ್ಕೇ ನಾನು ಹೇಳುದು ಈ ಒಂದು ವರ್ಷ ಕನ್ನಡದ ಓದು ಸಡಿಲ ಬಿಡ್ಬೇಡಿ.

ಟ್ಯೂಷನ್ ಬೇಡ. ದಿನಾ ಸಂಜೆ ಹದಿನೈದು ಇಪ್ಪತ್ತು ನಿಮಿಷ ಒಟ್ಟಿಗೆ ಕೂತು ಓದಿ, ಒಂದು ಪುಟ ನೀವು ಒಂದು ಪುಟ ಅವಳು.

ಮಂಜೇಶ್ವರದ ಅಪ್ಪ:

ಟೀಚರ್ ಓದಿನ ಬಗ್ಗೆ ಚಂದ ಹೇಳಿದ್ದಾರೆ, ನಾನು ಬೇರೆ ಕೆಲವು ಹೇಳ್ತೇನೆ, ನಮ್ಮ ಮಗ ಈಗಷ್ಟೇ ಎರಡು ಮುಗಿಸಿದ್ದು.

ಪುಸ್ತಕದ ವಿಷಯ ಮೊದಲು. ಅಕ್ಕನ ಮಗನ ಹಳೇ ಪುಸ್ತಕ ಉಂಟು ಅಂತ ಇಟ್ಕೊಂಡಿದ್ರೆ ಉಪಯೋಗ ಇಲ್ಲ, ಕೇರಳದಲ್ಲಿ ಪಠ್ಯ ಬದಲಾಗಿದೆ, 1, 3, 5, 7, 9ನೇದ್ದು 2024ರಲ್ಲಿ, 2, 4, 6, 8, 10ನೇದ್ದು 2025ರಲ್ಲಿ. ಹೇಗೂ ಶಾಲೆಯಲ್ಲಿ ಫ್ರೀಯಾಗಿ ಸಿಗ್ತದೆ, ಕನ್ನಡದ್ದು ಕೆಲವು ಸಲ ಸ್ವಲ್ಪ ಲೇಟಾಗ್ತದೆ ಅಷ್ಟೆ.

ಜೂನ್ ಜುಲೈಯಲ್ಲಿ ಪಾಠ ಸರಿಯಾಗಿ ಆಗುದಿಲ್ಲ, ಮಳೆಯ ರೆಡ್ ಅಲರ್ಟ್ ಬಂದ್ರೆ ಕಲೆಕ್ಟರ್ ರಜೆ ಕೊಡ್ತಾರೆ, ಅದಾಗಿ ಸ್ವಲ್ಪ ಹಿಡಿತ ಬರುವಷ್ಟರಲ್ಲಿ ಓಣಂ ಪರೀಕ್ಷೆ, ಓಣಂ ರಜೆ. ಮಗುವಿಗೆ ಏನೂ ಬರುದಿಲ್ಲ ಅಂತ ಆಗ ಅನ್ನಿಸ್ತದೆ, ನಮಗೂ ಹಾಗೇ ಅನ್ನಿಸಿತ್ತು. ಓಣಂನಿಂದ ಕ್ರಿಸ್ಮಸ್ ಪರೀಕ್ಷೆ ವರೆಗಿನ ದಿನ ಉಂಟಲ್ಲ, ಅದೇ ನಿಜವಾದ ವರ್ಷ. ನಮ್ಮವ ಅಕ್ಟೋಬರಿನಲ್ಲಿ ಒಂದಿನ ಬಸ್ಸಲ್ಲಿ ಹೋಗುವಾಗ ಅಂಗಡಿಯ ಬೋರ್ಡು ಎಲ್ಲ ಜೋರಾಗಿ ಓದ್ಲಿಕ್ಕೆ ಶುರು ಮಾಡಿದ, ಕನ್ನಡ ಬೋರ್ಡು ಸಿಕ್ಕಿದಲ್ಲೆಲ್ಲ, ಕಂಡಕ್ಟರ್ ತಿರುಗಿ ನೋಡುವಷ್ಟು ಜೋರಾಗಿ, ನನಗೆ ಆದ ಖುಷಿ ಹೇಳಿ ಪ್ರಯೋಜನ ಇಲ್ಲ.

ಲೆಕ್ಕದಲ್ಲಿ ತಲೆಬಿಸಿ ಆಗುದು ದಶಕ ಕೊಂಡೊಯ್ಯುವಾಗ. 47ಕ್ಕೆ 38 ಕೂಡಿಸು ಅಂದ್ರೆ ನಮ್ಮವ 715 ಅಂತ ಬರೀತಿದ್ದ. ಏಳು ಎಂಟು ಹದಿನೈದು, ನಾಲ್ಕು ಮೂರು ಏಳು, ಎರಡನ್ನೂ ಪಕ್ಕಪಕ್ಕ ಬರೆದದ್ದು, ಅವನ ಲೆಕ್ಕಕ್ಕೆ ಅದು ಸರಿಯೇ. ಬೈದು ಪ್ರಯೋಜನ ಇಲ್ಲ. ಹಿಡಿಸೂಡಿಯ ಕಡ್ಡಿ ತುಂಡು ಮಾಡಿ ಹತ್ತು ಹತ್ತರ ಕಟ್ಟು ಕಟ್ಟಿ ರಬ್ಬರ್ ಬ್ಯಾಂಡ್ ಹಾಕಿ ಕೊಟ್ಟೆವು. ಬಿಡಿ ಕಡ್ಡಿ ಹದಿನೈದಾದಾಗ ಅದರಲ್ಲಿ ಹತ್ತು ತೆಗೆದು ಅವನೇ ಕಟ್ಟು ಕಟ್ಬೇಕು, ಆ ಕಟ್ಟು ಬೇರೆ ಕಟ್ಟುಗಳ ಜೊತೆ ಹೋಗ್ಬೇಕು. ಕಳೆಯುವಾಗ ಕಟ್ಟು ಬಿಚ್ಚುದು. ಕೈಯಲ್ಲಿ ಮಾಡಿದ ಮೇಲೆ ಪುಸ್ತಕದಲ್ಲಿ ಮಾಡ್ಲಿಕ್ಕೆ ಬಂತು. ಮಗ್ಗಿ ಬಾಯಿಪಾಠಕ್ಕೆ ಅಷ್ಟು ಅರ್ಜೆಂಟ್ ಮಾಡ್ಬೇಡಿ ಅಕ್ಕ, ಎರಡೆರಡಾಗಿ ಐದೈದಾಗಿ ಅಡಿಕೆ ರಾಶಿ ಮಾಡಿ ಎಣಿಸ್ಲಿ, ಮಗ್ಗಿ ಅಂದ್ರೆ ಎಂತ ಅಂತ ಗೊತ್ತಾದ ಮೇಲೆ ಬಾಯಿಗೆ ತನ್ನಿಂದ ತಾನೇ ಬರ್ತದೆ. ಮತ್ತೆ ಎಪ್ಪತ್ತೊಂಬತ್ತು, ತೊಂಬತ್ತೇಳು ಇದರಲ್ಲಿ ಹೆಚ್ಚಿನ ಮಕ್ಕಳಿಗೆ ಕನ್ಫ್ಯೂಸ್ ಆಗ್ತದೆ, ದುಡ್ಡಿನ ಲೆಕ್ಕದಲ್ಲಿ ಹೇಳಿ ಕೊಟ್ರೆ ಬೇಗ ಹಿಡೀತಾರೆ, ಅಂಗಡಿಗೆ ಕಳಿಸಿ ಚಿಲ್ಲರೆ ಎಣಿಸಿ ತರ್ಲಿಕ್ಕೆ ಹೇಳಿ.

ಹೋಂವರ್ಕ್ ಬಗ್ಗೆ: ಕೇಂದ್ರದ 2020ರ ಸ್ಕೂಲ್ ಬ್ಯಾಗ್ ಪಾಲಿಸಿಯಲ್ಲಿ ಎರಡನೇ ಕ್ಲಾಸಿನ ವರೆಗೆ ಹೋಂವರ್ಕೇ ಬೇಡ ಅಂತ ಉಂಟು, ಬ್ಯಾಗಿನ ಭಾರ ಮಗುವಿನ ತೂಕದ ಹತ್ತನೇ ಒಂದು ಭಾಗ ದಾಟ್ಬಾರ್ದು ಅಂತಲೂ ಉಂಟು. ನಿಮ್ಮ ಪಕ್ಕದ ಮನೆಯ ಹುಡುಗನ ಬ್ಯಾಗ್ ಒಮ್ಮೆ ಎತ್ತಿ ನೋಡಿ.

ಇನ್ನೊಂದು, ಎದುರಿನ ಹಲ್ಲು ಬೀಳುವ ಪ್ರಾಯ ಇದು. ಸ, ಶ ಎಲ್ಲ ಸರಿ ಬರುದಿಲ್ಲ, ಕ್ಲಾಸಲ್ಲಿ ಎದ್ದು ನಿಂತು ಓದ್ಲಿಕ್ಕೆ ನಾಚಿಕೆ ಆಗ್ತದೆ ಕೆಲವರಿಗೆ. ಓದು ಹಿಂದೆ ಬಿದ್ದದ್ದು ಅಂತ ತಿಳ್ಕೊಳ್ಬೇಡಿ.

ಅಕ್ಕಲಕೋಟ ಸರ:

ನಾವು ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲಾ ಅಕ್ಕಲಕೋಟ ತಾಲೂಕಿನವ್ರು, ಗಡಿ ಅಂದ್ರ ನಿಮ್ಮ ಕಡೀನೂ ಅದ, ನಮ್ಮ ಕಡೀನೂ ಅದ. ಇಲ್ಲಿ ಕನ್ನಡ ಸಾಲಿಗೆ ಬಾಲಭಾರತಿ ಅಂದ್ರ ಇಲ್ಲಿನ ಪಠ್ಯಪುಸ್ತಕ ಸಂಸ್ಥೆಯವ್ರ ಕನ್ನಡ ಪುಸ್ತಕ ಬರ್ತಾವ. ನನ್ನ ಮಗಳು ಎರಡನೇತ್ತೇದಾಗ ಇದ್ದಾಗ ಮನಿಯಾಗೂ ಹಿಂಗೇ ಮಾತು ಬಂದಿತ್ತು, ಮರಾಠಿಗೆ ಹಾಕ್ರಿ ಇಲ್ಲಾ ಇಂಗ್ಲಿಷಿಗೆ ಹಾಕ್ರಿ ಅಂತ. ನಾವು ಬದಲಿ ಮಾಡಲಿಲ್ಲ. ನಿಮ್ಮ ಮಾವನವ್ರಿಗೆ ಒಂದು ಮಾತು ಹೇಳ್ರಿ ಅಕ್ಕಾರ, ಎರಡನೇತ್ತೇ ನಡುವ ಶಾಲಿ ಬದಲಿ ಮಾಡಿದ್ರ ಕೂಸು ಮತ್ತ ಅಕ್ಷರದಿಂದ ಶುರು ಮಾಡಬೇಕಾಗ್ತದ, ಅದೂ ಮನಿಯಾಗ ಯಾರೂ ಮಾತಾಡದ ಭಾಷಾದಾಗ. ತಿಳಿಯೋ ಭಾಷಾದಾಗ ಓದು ಹತ್ತಿದ ಮ್ಯಾಲೆ ಇಂಗ್ಲಿಷ್ ಕಲಿಸ್ರಿ, ಯಾರು ಬ್ಯಾಡ ಅಂತಾರ. ಇಂಗ್ಲಿಷ್ ವಿಷಯ ಕನ್ನಡ ಸಾಲಿಯಾಗೂ ಇದ್ದೇ ಇರ್ತದ, ಅದನ್ನ ಚೊಲೋ ಕಲಿಸಾಕತ್ತಾರೋ ಇಲ್ಲೋ ಅನ್ನೋದನ್ನ ಕೇಳ್ರಿ.

ಬದಿಯಡ್ಕದ ಅಮ್ಮ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್, ಓದಿ ಮನಸ್ಸು ಹಗುರ ಆಯ್ತು. ಮಾವನಿಗೂ ಓದಿ ಹೇಳಿದೆ, ಕೇಳಿಸ್ಕೊಂಡ್ರು, ಏನೂ ಹೇಳ್ಲಿಲ್ಲ. ಟೀಚರ್, ಇನ್ನೊಂದು ಕೇಳ್ಲಾ? ಇವಳು ಕೆಲವು ಸಲ ಇಂಗ್ಲಿಷಿನ ಬಿ ಮತ್ತು ಡಿ ತಿರುಗಿಸಿ ಬರೀತಾಳೆ, 3 ಕೂಡಾ ತಿರುಗಿಸ್ತಾಳೆ. ಯಾವಾಗ ಹೆದರ್ಬೇಕು? ಮತ್ತೆ ಮನೆಯಲ್ಲಿ ಕನ್ನಡ ಮಾತಾಡ್ಲಿಕ್ಕೆ ಶುರು ಮಾಡ್ಬೇಕಾ?

ಎಲ್.ಪಿ. ಟೀಚರ್, ಕುಂಬಳೆ ಕಡೆ:

ತುಳು ಬಿಡ್ಲೇಬೇಡಿ. ತುಳುವಿನಲ್ಲಿ ಚೆನ್ನಾಗಿ ಕಥೆ ಹೇಳುವ ಮಗು ಕನ್ನಡದಲ್ಲೂ ಚೆನ್ನಾಗಿ ಬರೀತದೆ, ಇದು ನಾನು ಕ್ಲಾಸಲ್ಲಿ ಕಣ್ಣಾರೆ ನೋಡುವ ವಿಷಯ. ಕನ್ನಡ ಕಿವಿಗೆ ಬೀಳ್ಳಿಕ್ಕೆ ಬೇರೆ ದಾರಿ ಉಂಟಲ್ಲ. ಯಕ್ಷಗಾನ ಪ್ರಸಂಗ ಬರೆದ ಪಾರ್ತಿಸುಬ್ಬನ ಊರಿನ ಹತ್ರ ಇದ್ದುಕೊಂಡು ಯಕ್ಷಗಾನ ಇಲ್ಲ ಅಂತ ಆಗುದಿಲ್ಲ, ಹತ್ರದಲ್ಲಿ ಆಟ ಇದ್ದಾಗ ರಾತ್ರಿ ಸ್ವಲ್ಪ ಹೊತ್ತಾದ್ರೂ ಕೂರಿಸಿ, ಅಷ್ಟು ಶುದ್ಧ ಕನ್ನಡ ಮಾತು ನಮ್ಮ ಮಕ್ಕಳಿಗೆ ಬೇರೆಲ್ಲಿ ಕೇಳ್ಳಿಕ್ಕೆ ಸಿಗ್ತದೆ, ಮಹಾಪ್ರಾಣ ಸಮೇತ.

ಅಕ್ಷರ ತಿರುಗಿಸುದು ಏಳು ವರ್ಷದ ವರೆಗೆ ತುಂಬಾ ಮಕ್ಕಳಲ್ಲಿ ಕಾಣ್ತದೆ, ಅದೊಂದನ್ನೇ ಹಿಡ್ಕೊಂಡು ಹೆದರ್ಬೇಡಿ. ಆದ್ರೆ ಕ್ರಿಸ್ಮಸ್ ಪರೀಕ್ಷೆ ಹೊತ್ತಿಗೂ ಒತ್ತಿಲ್ಲದ ಸಣ್ಣ ಶಬ್ದ ಓದ್ಲಿಕ್ಕೆ ಕಷ್ಟ ಪಡ್ತಾಳೆ, ನಿನ್ನೆ ಓದಿದ ಶಬ್ದ ಇವತ್ತು ಹೊಸದಾಗಿ ಕಾಣ್ತದೆ, ಓದು ಅಂದ ಕೂಡ್ಲೆ ಹೊಟ್ಟೆನೋವು ಅಂತ ಹೇಳ್ತಾಳೆ, ಹೀಗೆಲ್ಲ ಒಟ್ಟಿಗೆ ಕಂಡ್ರೆ ಮೂರನೇ ಕ್ಲಾಸಿನ ವರೆಗೆ ಕಾಯದೆ ಕ್ಲಾಸ್ ಟೀಚರ ಹತ್ರ ಕೂತು ಮಾತಾಡಿ. ಅದಕ್ಕಿಂತ ಮೊದಲು ಕಣ್ಣು, ಕಿವಿ ಪರೀಕ್ಷೆ ಮಾಡಿಸಿ. ಪುಸ್ತಕ ಮೂಗಿನ ಹತ್ರ ಹಿಡಿಯುದು, ಬೋರ್ಡಿನದ್ದು ಪಕ್ಕದವಳ ಪುಸ್ತಕ ನೋಡಿ ಬರೆಯುದು, ಹೀಗೆ ಇದ್ರೆ ಕನ್ನಡಕ ಬೇಕಾಗಿರ್ಬಹುದು, ಮಗುವಿಗೆ ಅದು ಹೇಳ್ಲಿಕ್ಕೆ ಗೊತ್ತಾಗುದಿಲ್ಲ, ಎಲ್ಲರಿಗೂ ಹೀಗೇ ಕಾಣುದು ಅಂತ ತಿಳ್ಕೊಂಡಿರ್ತದೆ. ನಿದ್ದೆಯೂ ನೋಡಿ, ಈ ಪ್ರಾಯಕ್ಕೆ ಕಡಿಮೆ ಅಂದ್ರೆ ಒಂಬತ್ತು ಗಂಟೆ ಬೇಕು.

ಕೊನೆಗೊಂದು ವಿಷಯ ಮನಸ್ಸಿಗೆ ಬೇಸರ ಆಗಿ ಹೇಳುದು. ನಮ್ಮಲ್ಲಿ ಕೆಲವು ಕನ್ನಡ ಶಾಲೆಗಳಿಗೆ ಕನ್ನಡ ಸರಿ ಬಾರದ ಟೀಚರನ್ನು ಹಾಕಿದ್ದುಂಟು, ಹೆತ್ತವರು ಗಲಾಟೆ ಮಾಡಿದ್ದೂ ಉಂಟು. ಎರಡನೇ ಕ್ಲಾಸಿಗೆ ಹೀಗಾದ್ರೆ ಮಕ್ಕಳ ನಷ್ಟ ಮತ್ತೆ ತುಂಬಿಸ್ಲಿಕ್ಕೆ ಕಷ್ಟ. ಹಾಗಾಗಿ ಜೂನಿನ ಮೊದಲ ಕ್ಲಾಸ್ ಪಿಟಿಎಗೆ (ಹೆತ್ತವರು ಟೀಚರ ಸಭೆಗೆ) ತಪ್ಪಿಸ್ಬೇಡಿ, ಈ ವರ್ಷ ಎರಡನೇ ಕ್ಲಾಸಿಗೆ ಯಾರು, ಅವರಿಗೆ ಕನ್ನಡ ಓದಿ ಬರೆದು ಕಲಿಸ್ಲಿಕ್ಕೆ ಬರ್ತದಾ ಅಂತ ಮರ್ಯಾದೆಯಿಂದಲೇ ಕೇಳಿ. ಒಬ್ಬರೇ ಹೋಗ್ಬೇಡಿ, ಆ ಕ್ಲಾಸಿನ ಇನ್ನೂ ನಾಲ್ಕು ಅಮ್ಮಂದಿರನ್ನು ಕರ್ಕೊಂಡು ಹೋಗಿ. ಅವರಿಗೆ ಕನ್ನಡ ಬಾರದಿದ್ರೆ ಅಲ್ಲೇ ಅರ್ಜಿ ಬರೆದು ಎಲ್ಲರೂ ಸಹಿ ಹಾಕಿ ಎ.ಇ.ಓ. (ಸಹಾಯಕ ಶಿಕ್ಷಣಾಧಿಕಾರಿ) ಆಫೀಸಿಗೆ ಕೊಡಿ, ಒಂದು ಕಾಪಿ ನಿಮ್ಮ ಹತ್ರವೂ ಇರ್ಲಿ.