ಫ್ರೆಂಚ್ ಕ್ರಿಯಾಪದದ ಕೊನೆಯ ಇ-ಎನ್-ಟಿ ಓದಬೇಕಾ, ಬೇಡವಾ?

ಹಾಸನದ ಹುಡುಗಿ:
ಮೂರು ತಿಂಗಳಿಂದ ಸಂಜೆ ಕ್ಲಾಸಿಗೆ ಹೋಗಿ ಫ್ರೆಂಚ್ ಕಲಿಯುತ್ತಿದ್ದೇನೆ. ನಿನ್ನೆ 'ಅವರು ಮಾತಾಡುತ್ತಾರೆ' ಅನ್ನುವುದನ್ನು ಓದಬೇಕಿತ್ತು. ಪಿ-ಎ-ಆರ್-ಎಲ್-ಇ-ಎನ್-ಟಿ. ನೀಟಾಗಿ ಎರಡು ತುಂಡು ಮಾಡಿ 'ಪಾರ್-ಲೆಂಟ್' ಅಂದೆ. ಮೇಡಂ ನಕ್ಕು 'ಪಾರ್ಲ್' ಅಂದರು. ಅಷ್ಟೇ, ಒಂದೇ ತುಂಡು! ಆದರೆ ಪುಸ್ತಕದಲ್ಲಿ ಅದೇ ಪದ ಸಾಲಿನ ಕೊನೆಯಲ್ಲಿ ಎರಡಾಗಿ ಮುರಿದು, ಎಲ್-ಇ-ಎನ್-ಟಿ ಕೆಳಗಿನ ಸಾಲಿಗೆ ಹೋಗಿದೆ. ಬರೆದ ಹಾಗೆ ಓದಿ ಬೆಳೆದವಳು ನಾನು. ಇದೆಂಥ ಲೆಕ್ಕ?

ತುಲೂಸ್ ವಾಸಿ:
ಎರಡೂ ಸರಿ. ಸಾಲು ಮುರಿಯುವಾಗ ಬರಹ ನೋಡುತ್ತಾರೆ, ಉಚ್ಚಾರಣೆಯನ್ನಲ್ಲ. ವರ್ತಮಾನದಲ್ಲಿ ನಾನು, ನೀನು, ಅವನು, ಅವರು ನಾಲ್ಕಕ್ಕೂ 'ಪಾರ್ಲ್'. 'ನಾವು' ಬಂದರೆ ಪಾರ್-ಲೋಂ, 'ನೀವು' ಬಂದರೆ ಪಾರ್-ಲೆ.

ಹಾಗಂತ ಆ ಇ-ಎನ್-ಟಿ ಸುಮ್ನೆ ಕೂತಿರುವುದಿಲ್ಲ. ನಿದ್ದೆ ಮಾಡುತ್ತಾನೆ: 'ದೋರ್'. ನಿದ್ದೆ ಮಾಡುತ್ತಾರೆ: 'ದೋರ್ಮ್'. ತಾನು ಬಾಯಿ ಬಿಡದೆ ಪಕ್ಕದ ಮಕಾರದ ಬಾಯಿ ಬಿಡಿಸುತ್ತದೆ!

ಕ್ರಿಯಾಪದ ಅಲ್ಲದಿದ್ದರೆ ಕಥೆಯೇ ಬೇರೆ. ಸಿ-ಒ-ಯು-ವಿ-ಇ-ಎನ್-ಟಿ ನೋಡಿ. ಕನ್ಯಾಸ್ತ್ರೀಯರ ಮಠ ಅನ್ನುವ ಅರ್ಥದಲ್ಲಿ 'ಕೂ-ವಾಂ'. ಕೋಳಿಗಳು ಕಾವಿಗೆ ಕೂರುತ್ತವೆ ಅನ್ನುವಾಗ ಬರೀ 'ಕೂವ್'. ಅವೇ ಏಳು ಅಕ್ಷರ. ಮಠದ ಕೋಳಿಗಳನ್ನು ಕಾವಿಗೆ ಕೂರಿಸಿ, ಎರಡನ್ನೂ ಒಂದೇ ವಾಕ್ಯದಲ್ಲಿ ಓದಿಸುವುದು ಹಳೇ ತಮಾಷೆ.

ಒತ್ತಕ್ಷರ:
ನಮ್ಮವರ ತೊಂದರೆ ಬೇರೆ ಇದೆ. ಬಸ್ ಹೋಗಿ ಬಸ್ಸು ಆದ ಹಾಗೆ ಪಾರ್ಲ್ ಹೋಗಿ 'ಪಾರ್ಲು' ಆಗುತ್ತದೆ. ನಾನು ಎರಡು ವರ್ಷ ಹಾಗೇ ಹೇಳಿದ್ದೆ, ಯಾರೂ ತಿದ್ದಲಿಲ್ಲ. ಮುಂದೆ ಸ್ವರ ಬಂದರೆ ಆ ಲಕಾರ ಅದಕ್ಕೇ ಅಂಟಿಕೊಳ್ಳುತ್ತದೆ. 'ಅವನು' ಅನ್ನುವ 'ಇಲ್'ನ ಲಕಾರವೂ ಹಾಗೇ: 'ಅವನು ಪ್ರೀತಿಸುತ್ತಾನೆ' ಅಂದರೆ ಇಲ್, ಎಮ್ ಸೇರಿ ಇ-ಲೆಮ್. 'ಅವರು' ಆದರೆ ಮಧ್ಯೆ ಝಕಾರ ಹುಟ್ಟಿ ಇಲ್-ಝೆಮ್. ನಮ್ಮ ಸಂಧಿ ಥರಾನೇ ಅಲ್ವಾ?

ತುಲೂಸ್ ವಾಸಿ:
'ಪಾರ್ಲು' ಅಂದರೆ ಇಲ್ಲಿ ಜಾಸ್ತಿ ಬೇಜಾರು ಮಾಡಿಕೊಳ್ಳುವುದಿಲ್ಲ ಬಿಡಿ. ದಕ್ಷಿಣ ಫ್ರಾನ್ಸಿನ ಹಳಬರೂ ಕೊನೆಗೆ ಚೂರು ಸ್ವರ ಎಳೆಯುತ್ತಾರೆ, 'ಪಾರ್ಲ' ಅಂತ. ಪರೀಕ್ಷೆಯಲ್ಲಿ ಮಾತ್ರ ಬೇಡ.

ಹಾಸನದ ಹುಡುಗಿ:
ಅಯ್ಯೋ, ರಾತ್ರಿಯೆಲ್ಲ 'ಪಾರ್ಲು' ಅಂತಲೇ ಉರು ಹೊಡೆದಿದ್ದೇನೆ! 'ಮಾತಾಡುತ್ತಿದ್ದರು' ಅನ್ನುವುದರ ಕೊನೆಗೆ ಎ-ಐ-ಇ-ಎನ್-ಟಿ ಇದೆಯಲ್ಲ, ಅದನ್ನೇನು ಮಾಡಲಿ?

ಒತ್ತಕ್ಷರ:
ಐದೂ ಸೇರಿ ಒಂದು 'ಎ'. ಪಾರ್-ಲೆ. 'ಮಾತಾಡುತ್ತಿದ್ದ' ಅನ್ನುವುದಕ್ಕೂ ಅದೇ.